ಹಳೇ ಕಂಪ್ಯೂಟರಿನಲ್ಲಿ ಬಿಡಿಸಿದ ಅರ್ಧ ಮುಸುಕು

ಬಲ್ಮಠದ ಅಮ್ಮ ಅದನ್ನು ಎರಡು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ತಂದಿದ್ದರು. ಒಂದರಲ್ಲಿ ಮಡಚಿದ ಕ್ರೋಶಾ ಮುಸುಕು, ಇನ್ನೊಂದರಲ್ಲಿ ಒಂದು ಹಿಡಿ ಚಿಂದಿ. ಮುಸುಕನ್ನು ನನ್ನ ಮಡಿಲಲ್ಲಿ ಬಿಡಿಸಿದಾಗ ಎಡಗಡೆಯ ಅರ್ಧ ಇತ್ತು. ಬಲಗಡೆಯ ಅರ್ಧದ ಜಾಗದಲ್ಲಿ ನನ್ನ ಸೀರೆ ಕಾಣುತ್ತಿತ್ತು.

"ಇಲಿ," ಎಂದರು.

ಮೊಮ್ಮಕ್ಕಳೇ, ನನ್ನ ಮೇಜಿನ ಮೇಲೆ ಆ ಹಳೇ ಕಂಪ್ಯೂಟರ್ ಯಾಕೆ ಎಂದು ನೀವು ಕೇಳಿ ನಕ್ಕಿದ್ದಿರಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ನಾಲ್ಕು ಜನ ನೋಡಿದರೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಬರೆದರೆ ಹೇಳಬಹುದು. ಊರಿನ ಶಾಲೆಯಲ್ಲಿ ಏಳನೆಯ ತನಕ ಕಲಿತ ಕನ್ನಡ ಇಷ್ಟಕ್ಕೆ ಸಾಕು. ಇದರಲ್ಲಿ ಬರುವ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ನಿಮಗೆ ಓದಲಿಕ್ಕೆ ಸುಲಭವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ.

ಬಲ್ಮಠದ ಅಮ್ಮನಿಗೆ ಎಂಬತ್ತು ವರ್ಷ. ಬಲ್ಮಠದಲ್ಲಿ ಹೋಟೆಲ್ ನಡೆಸುವ ಮನೆಯವರು. ಆ ಮುಸುಕನ್ನು ಹೆಣೆದದ್ದು ಅವರ ತಾಯಿ. ಅವರ ಕುಟುಂಬದಲ್ಲಿ ಹೆಣ್ಣುಮಗಳ ಮದುವೆಯ ದಿನ, ಧಾರೆಗೆ ಮೊದಲು, ತಾಯಿಯ ಕಡೆಯ ಹಿರಿಯ ಹೆಂಗಸು ಅವಳಿಗೆ ಮಲ್ಲಿಗೆ ಕೊಡುವ ಕ್ರಮ. ಆ ಮಲ್ಲಿಗೆಯ ಹರಿವಾಣದ ಮೇಲೆ ಈ ಮುಸುಕು ಹೊದಿಸುತ್ತಾರೆ. ಎರಡು ತಲೆಯ ಹೆಣ್ಣುಮಕ್ಕಳು ಹೀಗೆಯೇ ಮದುವೆಯಾದದ್ದು. ಈಗ ಅಮ್ಮನ ಮಗಳ ಮಗಳ ಮದುವೆ ನಿಶ್ಚಯವಾಗಿತ್ತು. ಉಳಿದದ್ದು ಏಳು ವಾರ.

"ನನ್ನ ಕಪಾಟಿನಲ್ಲಿ ಇದ್ದದ್ದು ಮಾರಾಯ್ತಿ. ನಾನೇ ಇಟ್ಟದ್ದು. ಅಕ್ಕ ನನ್ನ ಕೈಗೆ ಕೊಡುವಾಗ ಏನು ಹೇಳಿದ್ದು ಗೊತ್ತುಂಟಾ? 'ನಿನಗೆ ಕೊಡ್ಲಿಕ್ಕೆ ನನಗೆ ಧೈರ್ಯ ಇಲ್ಲ, ಆದ್ರೂ ಕೊಡ್ತೇನೆ.' ಈಗ ಅಕ್ಕನಿಗೆ ಗೊತ್ತಾಗಬಾರದು. ಅವರಿಗೆ ಕಣ್ಣು ಕಾಣುವುದಿಲ್ಲ, ಆದರೆ ಕೈ ಕಾಣ್ತದೆ. ಮೊದಲು ಹೇಗಿತ್ತೋ ಹಾಗೇ ಆಗಬೇಕು."

ಆ ಅಕ್ಕ ಇರುವುದು ಕುಲಶೇಖರದಲ್ಲಿ, ಮಗಳ ಮನೆಯಲ್ಲಿ.

"ಮೊದಲಿನ ಫೋಟೋ ಏನಾದರೂ ಉಂಟಾ ಅಮ್ಮ?" ಎಂದು ಕೇಳಿದೆ.

"ಮದುಮಗಳ ಫೋಟೋ ತೆಗೀತಾರೆ. ಹರಿವಾಣದ್ದು ಯಾರು ತೆಗೀತಾರೆ?"

ಆಗುತ್ತದೆ ಎಂದು ಹೇಳಿಬಿಟ್ಟೆ. ಅವರ ಮುಖ ನೋಡಿ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಕ್ರೋಶಾದಲ್ಲಿ ಚಿತ್ರ ಬರುವುದು ಮನೆಗಳಿಂದ, ಚೆನ್ನೆಮಣೆ ಆಟದ ಗುಳಿಗಳಂಥ ಮನೆಗಳಲ್ಲ, ಲೆಕ್ಕದ ಪುಸ್ತಕದ ಚೌಕಗಳಂಥವು. ನೂಲು ತುಂಬಿದ ಮನೆ, ಖಾಲಿ ಬಿಟ್ಟ ಮನೆ, ಅಷ್ಟೇ. ತುಂಬಿದವು ಒಟ್ಟಾಗಿ ಹೂವೋ ನವಿಲೋ ಆಗುತ್ತವೆ. ಈ ಮುಸುಕು ನೂರ ಇಪ್ಪತ್ತು ಮನೆ ಅಗಲ, ತೊಂಬತ್ತು ಮನೆ ಎತ್ತರ. ಸುತ್ತಲೂ ಬಳ್ಳಿಯ ಅಂಚು. ಎಡಗಡೆ ಒಬ್ಬ ಹೆಂಗಸು ಬಲಕ್ಕೆ ಮುಖ ಮಾಡಿ, ಕೈ ಮುಂದೆ ಚಾಚಿ ಹರಿವಾಣ ಹಿಡಿದಿದ್ದಾಳೆ. ಅವಳ ಎದುರು ಇನ್ನೊಬ್ಬಳು ಇದ್ದಳು ಎಂಬುದಕ್ಕೆ ಸಾಕ್ಷಿ ಕೆಳಗೆ ಉಳಿದಿದ್ದ ಒಂದು ಪಾದ ಮಾತ್ರ.

ಮೊದಲು ಪರೀಕ್ಷೆ ಮಾಡಿದ್ದು ನೂಲನ್ನು. ಕ್ರೋಶಾ ಬಿಚ್ಚುವುದು ಮುಗಿಸಿದ ಕಡೆಯಿಂದ ಮಾತ್ರ, ಶುರು ಮಾಡಿದ ಕಡೆಯಿಂದ ಬಿಚ್ಚಲಿಕ್ಕೆ ಬರುವುದಿಲ್ಲ. ಇಲಿ ತಿಂದ ಕಡೆಯ ಒಂದು ಎಳೆ ಹಿಡಿದು ಎಳೆದೆ. ಸರಸರ ಬಂತು. ಇದನ್ನು ಹೆಣೆದ ಆ ತಾಯಿ ಎಡ ಅಂಚಿನಿಂದ ಶುರು ಮಾಡಿ ಬಲಕ್ಕೆ ಹೋಗಿದ್ದರು. ಅಂದರೆ ಕೆಟ್ಟದ್ದನ್ನು ಬಿಚ್ಚುತ್ತ ಬಂದು, ಇಡಿಯಾಗಿ ಉಳಿದ ಸಾಲಿನಿಂದ ನಾನು ಮುಂದುವರಿಸಬಹುದು. ಅವರು ಬಲಗಡೆಯಿಂದ ಶುರು ಮಾಡಿದ್ದರೆ ತೇಪೆ ಹಾಕದೆ ಬೇರೆ ದಾರಿ ಇರಲಿಲ್ಲ. ಮುಖ ನೋಡದ ಆ ತಾಯಿಗೆ ಮನಸ್ಸಿನಲ್ಲೇ ಕೈಮುಗಿದೆ. ಆ ಪಾದದ ಮನೆಗಳನ್ನು ಎಣಿಸಿ ಬರೆದಿಟ್ಟು, ಬಿಚ್ಚಿ ಮುಗಿಸಿದಾಗ ಅರವತ್ತೆರಡು ಸಾಲು ಗಟ್ಟಿ ಉಳಿಯಿತು.

ಇನ್ನು ನಕ್ಷೆ ಬೇಕು. ನಲವತ್ತು ವರ್ಷ ನಾನು ಗ್ರಾಫ್ ಕಾಗದದಲ್ಲಿ ನಕ್ಷೆ ನೋಡಿ ಹೆಣೆದವಳು. ಆದರೆ ಬಲಗಣ್ಣಿನ ಪೊರೆ ತೆಗೆಸಿ ಆಗಷ್ಟೇ ಮೂರು ತಿಂಗಳಾಗಿತ್ತು, ಎಡಗಣ್ಣಿನದು ಬಾಕಿ ಇತ್ತು. ಸಣ್ಣ ಚೌಕಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಹೆಂಗಸಿನ ಕುತ್ತಿಗೆ ಬರುವಷ್ಟರಲ್ಲಿ ಎರಡು ಮನೆ ತಪ್ಪುತ್ತಿತ್ತು. ಅಳಿಸಿ ಅಳಿಸಿ ಕಾಗದ ತೂತಾಯಿತು. ನಿಮ್ಮ ಅಮ್ಮ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿದಳು. ದೊಡ್ಡದಾದಷ್ಟೂ ಎಲ್ಲ ಬೂದಿ ಬಣ್ಣ. ಈ ಮನೆ ತುಂಬಿದ್ದೋ ಖಾಲಿಯೋ ಎಂದರೆ ಮೊಬೈಲು ಎರಡೂ ಅಲ್ಲ ಎನ್ನುವ ಹಾಗೆ ಕಾಣುತ್ತಿತ್ತು.

ಆಗ ಬಂದವರು ಪೊರ್ಬು. ನಮ್ಮ ಬೋಳಾರದ ಓಣಿಯ ಕೆಳಗಿನ ಮನೆಯವರು. ಕ್ರಿಶ್ಚಿಯನ್ ಹಿರಿಯರನ್ನು ನಾವು ಹಾಗೆ ಕರೆಯುವುದು. ಮೊದಲು ಟಿವಿ, ರೇಡಿಯೋ ರಿಪೇರಿ ಮಾಡುತ್ತಿದ್ದರು. ಈಗ ಯಾರೂ ಟಿವಿ ರಿಪೇರಿ ಮಾಡಿಸುವುದಿಲ್ಲವಾದ್ದರಿಂದ ಅವರಿವರ ಮನೆಯಲ್ಲಿ ಚಹಾ ಕುಡಿಯುತ್ತಾರೆ. ಅವರೇ ಹೇಳಿಕೊಳ್ಳುವ ಮಾತು ಇದು.

ತೂತು ಬಿದ್ದ ಕಾಗದವನ್ನು ಎತ್ತಿ ಬೆಳಕಿಗೆ ಹಿಡಿದರು. "ಅಕ್ಕ, ನಿಮ್ಮ ಯಜಮಾನರು ಮಸ್ಕತ್ತಿನಿಂದ ಒಂದು ಕಂಪ್ಯೂಟರ್ ತಂದಿದ್ರಲ್ಲ, ಟಿವಿಗೆ ಸಿಕ್ಕಿಸುವಂಥದ್ದು? ಬಿಸಾಡಿದ್ರಾ?"

"ಅಟ್ಟದಲ್ಲಿ ಉಂಟು. ಅದರಿಂದ ಈಗ ಎಂತ ಆಗ್ತದೆ?"

"ಅದರ ಕ್ಯಾಸೆಟ್ಟಿನಲ್ಲಿ ಚಿತ್ರ ಬಿಡಿಸುವ ಪ್ರೋಗ್ರಾಂ ಒಂದಿತ್ತು. ನಾನೇ ರಿಪೇರಿ ಮಾಡುವಾಗ ನೋಡಿದ್ದೇನೆ. ಬರೀ ಕಪ್ಪು, ಬಿಳಿ. ನೀವು ಹೆಣೆಯುವುದೂ ಹಾಗೇ ಅಲ್ವಾ ಮಾರಾಯ್ರೆ? ಉಂಟು, ಇಲ್ಲ. ಮೂರನೆಯದು ಇಲ್ಲ."

ನಿಮ್ಮ ಅಜ್ಜ ಅದನ್ನು ತಂದದ್ದು ನಿಮ್ಮ ಅಪ್ಪ ಕಂಪ್ಯೂಟರ್ ಕಲಿಯಲಿ ಎಂದು. ಅವನು ಅದರಲ್ಲಿ ಚೆಂಡಾಟ ಕಲಿತ. ಮತ್ತೆ ಅದು ಅಟ್ಟ ಸೇರಿತು. ಪೆಟ್ಟಿಗೆ ಎಂದರೆ ಕೀಬೋರ್ಡು ಮಾತ್ರ, ಅದರ ಹೊಟ್ಟೆಯೊಳಗೇ ಎಲ್ಲ ಇರುವುದು. ಚಿತ್ರ ಕಾಣಲಿಕ್ಕೆ ಟಿವಿ ಬೇಕು, ಪ್ರೋಗ್ರಾಂ ತುಂಬಿಸಲಿಕ್ಕೆ ಹಾಡು ಕೇಳುವ ಟೇಪ್ ರೆಕಾರ್ಡರ್ ಬೇಕು. ಪೊರ್ಬು ತಮ್ಮ ಮನೆಯಿಂದ ಉಬ್ಬುಗಾಜಿನ ಹಳೇ ಟಿವಿಯನ್ನು ರಿಕ್ಷಾದಲ್ಲಿ ತಂದರು. ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟ್ ಕರಗಿ ಬೆಲ್ಲದ ಪಾಕದ ಹಾಗಾಗಿತ್ತು. ಅದನ್ನು ಕೆರೆದು ತೆಗೆದು ಹೊಸ ಬೆಲ್ಟ್ ಹಾಕಿದರು, ಹೆಡ್ಡನ್ನು ಸ್ಪಿರಿಟ್ ಮುಟ್ಟಿಸಿದ ಹತ್ತಿಯಲ್ಲಿ ಒರೆಸಿದರು. ಕ್ಯಾಸೆಟ್ ತಿರುಗಿದಾಗ ಬಂದ ಸ್ವರ ತೆಂಗಿನಕಾಯಿ ಹೆರೆಯುವ ಮಣೆಯಲ್ಲಿ ಕಬ್ಬಿಣ ಹೆರೆದ ಹಾಗಿತ್ತು.

"ಇದು ಹಾಡಾ?" ಎಂದೆ.

"ಇದೇ ಪ್ರೋಗ್ರಾಂ. ವಾಲ್ಯೂಮ್ ಜಾಸ್ತಿ ಆದ್ರೆ ಇದಕ್ಕೆ ತಲೆನೋವು, ಕಮ್ಮಿ ಆದ್ರೆ ಕಿವಿ ಕೇಳುವುದಿಲ್ಲ. ನನ್ನ ಹೆಂಡತಿಯ ಹಾಗೆ."

ಎರಡು ಸಲ ಅರ್ಧದಲ್ಲಿ ನಿಂತಿತು. ವಾಲ್ಯೂಮಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಮೂರನೆಯ ಸಲ ಬಿಟ್ಟಾಗ, ಐದು ನಿಮಿಷ ಕಿರುಚಿ ಸುಮ್ಮನಾಯಿತು. ಟಿವಿಯಲ್ಲಿ ಬಿಳಿ ಹಾಳೆ, ನಡುವೆ ಮಿಣಮಿಣ ಅನ್ನುವ ಒಂದು ಚುಕ್ಕಿ.

ಮೊದಲನೆಯ ದಿನ ನಾನು ಕೀ ಮುಟ್ಟಲಿಲ್ಲ. ಮುಟ್ಟಿದರೆ ಅಜ್ಜ ತಂದದ್ದು ಹಾಳಾಗುತ್ತದೆ ಎಂದು ಹೆದರಿಕೆ. ಎರಡನೆಯ ದಿನ ಪೊರ್ಬು ನಿಮ್ಮ ಅಮ್ಮನ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ ಕೇಳಿ ತೆಗೆದುಕೊಂಡು, ಬೇಕಾದ ಕೀಗಳ ಮೇಲೆಲ್ಲ ಅಂಟಿಸಿದರು. ಕೆಂಪು ಬೊಟ್ಟು ಮನೆ ತುಂಬಲಿಕ್ಕೆ, ಹಸಿರು ಖಾಲಿ ಮಾಡಲಿಕ್ಕೆ, ನೀಲಿ ದೊಡ್ಡದು ಮಾಡಿ ನೋಡಲಿಕ್ಕೆ. ನೀಲಿ ಒತ್ತಿದರೆ ಮೂವತ್ತೆರಡು ಮನೆ ಅಗಲ, ಇಪ್ಪತ್ತನಾಲ್ಕು ಮನೆ ಎತ್ತರದ ತುಂಡು ಟಿವಿ ತುಂಬ ಬರುತ್ತಿತ್ತು. ಒಂದೊಂದು ಮನೆಯೂ ಬೆರಳಿನ ಉಗುರಿನಷ್ಟು. ನನ್ನ ಪೊರೆಯ ಕಣ್ಣಿಗೂ ಕಪ್ಪು ಕಪ್ಪಾಗಿ, ಬಿಳಿ ಬಿಳಿಯಾಗಿ ಕಂಡಿತು. ಅಳಿಸಿದರೆ ತೂತು ಬೀಳುವುದಿಲ್ಲ. ಅಂದು ನನಗಾದ ಸಂತೋಷ ಆಪರೇಶನ್ ಆದ ಕಣ್ಣಿನ ಪಟ್ಟಿ ಬಿಚ್ಚಿದ ದಿನಕ್ಕಿಂತ ಕಮ್ಮಿಯದ್ದಲ್ಲ.

ಮುಸುಕನ್ನು ಹಳೇ ಕೊಡೆಯ ಕಪ್ಪು ಬಟ್ಟೆಯ ಮೇಲೆ ಹಾಸಿ, ಸೂಜಿಯ ತುದಿಯಲ್ಲಿ ಒಂದೊಂದು ಮನೆ ಮುಟ್ಟಿ ಎಣಿಸಿ, ಟಿವಿಯಲ್ಲಿ ತುಂಬಿದೆ. ಬೆಳಿಗ್ಗೆ ಎರಡು ಗಂಟೆ ಮಾತ್ರ, ಮತ್ತೆ ಕಣ್ಣು ನೀರಾಡುತ್ತಿತ್ತು. ಕಂಪ್ಯೂಟರನ್ನು ರಾತ್ರಿಯೂ ಆರಿಸುತ್ತಿರಲಿಲ್ಲ. ಐದನೆಯ ದಿನ ಹೆಂಗಸಿನ ಮುಖ ಮುಗಿಯಿತು ಎನ್ನುವಾಗ ಕರೆಂಟ್ ಹೋಯಿತು. ಬಂದಾಗ ಬಿಳಿ ಹಾಳೆ. ಐದು ದಿನದ್ದು ಎಲ್ಲ ಹೋಗಿತ್ತು. ಕ್ಯಾಸೆಟ್ಟಿಗೆ ಉಳಿಸಿಡಬೇಕು ಎಂದು ಪೊರ್ಬು ಹೇಳಿದ್ದರು, ಆ ಕಿರುಚುವ ಸ್ವರಕ್ಕೆ ಹೆದರಿ ನಾನು ನಾಳೆ ನಾಳೆ ಎಂದಿದ್ದೆ. ಅತ್ತು ಪ್ರಯೋಜನ ಇಲ್ಲ. ಆಮೇಲೆ ಹತ್ತು ಸಾಲಿಗೆ ಒಮ್ಮೆ ಉಳಿಸುವುದು, ಎರಡು ಕ್ಯಾಸೆಟ್ಟಿನಲ್ಲಿ ಸರದಿಯಾಗಿ ಉಳಿಸುವುದು, ಉಳಿದದ್ದು ವಾಪಸು ಬರುತ್ತದಾ ಎಂದು ನೋಡದೆ ಏಳದಿರುವುದು, ಹೀಗೆ ಕ್ರಮ ಮಾಡಿಕೊಂಡೆ. ಎರಡನೆಯ ಸಲ ಬೇಗ ಮುಗಿಯಿತು. ಒಮ್ಮೆ ಎಣಿಸಿದ ಕೈಗೆ ದಾರಿ ಗೊತ್ತಿರುತ್ತದೆ.

ಎಡ ಅರ್ಧ ಮುಗಿದ ದಿನ ಪೊರ್ಬು ಇನ್ನೊಂದು ಬೊಟ್ಟು ಅಂಟಿಸಿದರು. "ಇದು ಕನ್ನಡಿ. ಒತ್ತಿ ನೋಡಿ."

ಒತ್ತಿದೆ. ಎಡಗಡೆ ಇದ್ದದ್ದೆಲ್ಲ ತಿರುಗಿ ಬಲಗಡೆ ಬಂದು ಕೂತಿತು. ಬಳ್ಳಿಗೆ ಬಳ್ಳಿ, ಹೆಂಗಸಿಗೆ ಹೆಂಗಸು. ಇಬ್ಬರೂ ಎದುರುಬದುರು ಹರಿವಾಣ ಹಿಡಿದು ನಿಂತರು. ಪೊರ್ಬುವಿಗೆ ಅಂದು ಚಹಾದ ಜೊತೆ ಬನ್ಸ್ ಕೊಟ್ಟೆ.

ಹಳೇ ನೂಲು ಕೆನೆಯ ಬಣ್ಣಕ್ಕೆ ಬಂದಿತ್ತು. ಹೊಸ ಬಿಳಿ ನೂಲನ್ನು ತೆಳು ಚಹಾದ ನೀರಿನಲ್ಲಿ ಅದ್ದಿ, ಒಣಗಿಸಿ, ಪಕ್ಕ ಇಟ್ಟು ನೋಡಿ, ಮತ್ತೆ ಅದ್ದಿ ಹತ್ತಿರ ತಂದೆ. ಟಿವಿ ನೋಡಿ ಪುಸ್ತಕದಲ್ಲಿ ಬರೆದುಕೊಂಡೆ: ಮೂರು ತುಂಬಿದ್ದು, ಐದು ಖಾಲಿ, ಒಂದು ತುಂಬಿದ್ದು. ಒಂದು ಸಾಲು ಕೆಳಗಿನಿಂದ ಮೇಲೆ, ಮುಂದಿನದು ಮೇಲಿನಿಂದ ಕೆಳಗೆ. ಹೀಗೆ ಹದಿನಾಲ್ಕು ಸಾಲು ಹೆಣೆದೆ. ಎರಡನೆಯ ಹೆಂಗಸಿನ ಹರಿವಾಣ ಬಂತು, ಬೆರಳು ಬಂತು, ಮೊಣಕೈ ಶುರುವಾಯಿತು.

ಒಂದು ಬೆಳಿಗ್ಗೆ ಪೊರ್ಬು ಬಂದರು. ಬಲಗೈಯಲ್ಲಿ ಕ್ರೋಶಾ ಕಡ್ಡಿ, ನೂಲು ಇದ್ದುದರಿಂದ ಚಹಾದ ಗ್ಲಾಸನ್ನು ಎಡಗೈಯಲ್ಲೇ ಚಾಚಿದೆ.

"ಎಂತ ಅಕ್ಕ, ಎಡಗೈಯಲ್ಲಿ ಕೊಡ್ತೀರಿ? ನನ್ನ ಮೇಲೆ ಕೋಪವಾ?"

"ತಪ್ಪಾಯ್ತು," ಎಂದು ಕಡ್ಡಿ ಕೆಳಗಿಟ್ಟು ಕೈ ಬದಲಿಸಿದೆ. ಮತ್ತೆ ಟಿವಿ ನೋಡಿದೆ.

ಎಡಗಡೆಯ ಹೆಂಗಸಿನ ಕೈಯ ಸುತ್ತ ಒಂದು ಸಾಲು ಖಾಲಿ ಮನೆ ಬಿಟ್ಟು, ಕೈ ಮೈಯ ಈಚೆಯಿಂದ ಹಾದುಹೋಗುವಂತೆ ಆ ತಾಯಿ ಹೆಣೆದಿದ್ದರು. ನಾನು ಎದ್ದು ಬಟ್ಟಲು ಹಿಡಿದು ಅವಳ ಹಾಗೆ ಬಲಕ್ಕೆ ತಿರುಗಿ ನಿಂತೆ. ನೋಡುವವರ ಕಡೆ ಇರುವುದು ಬಲಗೈ. ಸರಿ. ಎಡಕ್ಕೆ ತಿರುಗಿ ನಿಂತೆ. ನೋಡುವವರ ಕಡೆ ಇರುವುದು ಎಡಗೈ. ಕನ್ನಡಿಯ ಹೆಂಗಸು ಮದುಮಗಳ ಮಲ್ಲಿಗೆಯನ್ನು ಎಡಗೈಯಲ್ಲಿ ಕೊಡುತ್ತಿದ್ದಳು.

"ಮುಸುಕನ್ನು ಮಗುಚಿ ಹಾಕಿದ್ರೆ?" ಎಂದರು ಪೊರ್ಬು.

"ಆಗ ಇನ್ನೊಬ್ಬಳು ಎಡಗೈಯವಳಾಗ್ತಾಳೆ."

ಕ್ರೋಶಾಕ್ಕೆ ಒಳ ಹೊರ ಇಲ್ಲ, ಎರಡು ಕಡೆಯೂ ಒಂದೇ. ಯಾವ ಕಡೆ ಹಾಕಿದರೂ ಇಬ್ಬರಲ್ಲಿ ಒಬ್ಬಳು ಎಡಗೈಯವಳು. ಇಷ್ಟು ನೀಟಾಗಿ ಖಾಲಿ ಮನೆ ಬಿಟ್ಟು ಬಲಗೈ ತೋರಿಸಿದ ಆ ತಾಯಿ ಇಂಥ ತಪ್ಪು ಮಾಡಿರಲಿಕ್ಕಿಲ್ಲ. ಆಗ ನನಗೆ ಎರಡನೆಯ ತೊಟ್ಟೆಯ ನೆನಪಾಯಿತು. ಕನ್ನಡಿ ಸಿಕ್ಕಿದ ಖುಷಿಯಲ್ಲಿ ಆ ಚಿಂದಿಯನ್ನು ನಾನು ಬಿಡಿಸಿ ನೋಡಿರಲೇ ಇಲ್ಲ.

ಕೊಡೆಯ ಬಟ್ಟೆಯ ಮೇಲೆ ಒಂದೊಂದಾಗಿ ಹರಡಿದೆ. ಬಳ್ಳಿಯ ತುಂಡುಗಳು ನಕ್ಷೆಗೆ ಕೂತವು. ಅಂಗೈಯಷ್ಟು ಅಗಲದ ಒಂದು ತುಂಡು ಮಾತ್ರ ಎಲ್ಲಿಯೂ ಕೂರಲಿಲ್ಲ. ಅದರಲ್ಲಿ ತುಂಬಿದ ಮನೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ತಳದಲ್ಲಿ ದೋಣಿಯ ಹಾಗೆ ಬಾಗಿ, ಮತ್ತೆ ಏರುತ್ತಿದ್ದವು. ಅದು ಕೈಯಲ್ಲ, ಹರಿವಾಣವೂ ಅಲ್ಲ.

ಮುಸುಕನ್ನೂ ಆ ತುಂಡನ್ನೂ ತೊಟ್ಟೆಗೆ ಹಾಕಿಕೊಂಡು ಬಲ್ಮಠಕ್ಕೆ ಹೋದೆ. ಬಾಗಿಲ ಹತ್ತಿರ ಚಪ್ಪಲಿ ಕಳಚುವ ಮೊದಲು ಎರಡು ಸಲ ವಾಪಸು ಹೋಗೋಣ ಎನಿಸಿತು.

"ಅಮ್ಮ, ಎದುರಿನವಳು ಎಂತ ಮಾಡ್ತಿದ್ದಳು ನೆನಪುಂಟಾ?"

"ಇಬ್ಬರು ಹೆಂಗಸರು ಇದ್ದದ್ದು ಗೊತ್ತು. ನನ್ನ ಮದುವೆಯಲ್ಲಿ ನಾನು ತಲೆ ಎತ್ತಿದ್ರೆ ಅಲ್ವಾ ನೋಡ್ಲಿಕ್ಕೆ?"

"ಕುಲಶೇಖರಕ್ಕೆ ಹೋಗಿ ಕೇಳ್ಬೇಕು."

"ಬೇಡ. ಅಷ್ಟು ಸೂಕ್ಷ್ಮ ಯಾರು ನೋಡ್ತಾರೆ? ನೀನು ಹೆಣೆದದ್ದೇ ಇರ್ಲಿ."

"ಅವರ ಕೈ ನೋಡ್ತದೆ ಅಂತ ನೀವೇ ಹೇಳಿದ್ದು." ಇಷ್ಟು ಹೇಳುವಾಗ ನನ್ನ ಕಿವಿ ಬಿಸಿಯಾಗಿತ್ತು. ಮತ್ತೆ ಹೇಳಿದೆ, "ಅಂದಾಜಿನಲ್ಲಿ ನಾನು ಹೆಣೆಯುವುದಿಲ್ಲ ಅಮ್ಮ. ಕೇಳುವುದಾದ್ರೆ ಮುಗಿಸಿ ಕೊಡ್ತೇನೆ. ಇಲ್ಲದಿದ್ರೆ ಅರವತ್ತೆರಡನೆಯ ಸಾಲಿಗೆ ಅಂಚು ಕಟ್ಟಿ ಅರ್ಧವನ್ನೇ ವಾಪಸು ಕೊಡ್ತೇನೆ."

ಕೆಲಸ ಕೊಟ್ಟವರಿಗೆ ನಾನು ಅಲ್ಲಿಯ ತನಕ ಹಾಗೆ ಹೇಳಿದವಳಲ್ಲ. ಅಮ್ಮ ಕೊನೆಗೆ ಡ್ರೈವರನನ್ನು ಕರೆದರು.

ಕುಲಶೇಖರದ ಅಕ್ಕ, ಮನೆಯವರೆಲ್ಲ ದೊಡ್ಡಮ್ಮ ಎನ್ನುವವರು, ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ತೊಂಬತ್ತರ ಹತ್ತಿರದ ಪ್ರಾಯ, ಬಿಳಿ ಕಣ್ಣು. ಬಲ್ಮಠದ ಅಮ್ಮ ಅವರ ಕಾಲ ಬಳಿ ನೆಲದಲ್ಲಿ ಕೂತು, ಇಲಿಯಿಂದ ಶುರು ಮಾಡಿ ಎಲ್ಲವನ್ನೂ ಹೇಳಿದರು. ಎಂಬತ್ತು ವರ್ಷದವರು ಸ್ಲೇಟು ಒಡೆದ ಮಗುವಿನ ಹಾಗೆ ಅತ್ತರು. ನಾನು ಕಂಬದ ಹಿಂದೆ ನಿಂತಿದ್ದೆ.

"ಅಂದರೆ ಮದುವೆಗೆ ಮೊದಲೇ ಇಲಿಗೆ ಊಟ ಬಡಿಸಿದಿ," ಎಂದರು ದೊಡ್ಡಮ್ಮ. "ಹೋಟೆಲಿನವರಲ್ವಾ, ಗಿರಾಕಿ ಯಾರಾದ್ರೂ ಆದೀತು. ಮೂಗು ಒರೆಸು. ಹೆಣೆಯುವವಳು ಎಲ್ಲಿ?"

ನಾನು ಹತ್ತಿರ ಹೋಗಿ ಮುಸುಕನ್ನು ಅವರ ಮಡಿಲಿಗೆ ಹಾಕಿದೆ. ಹತ್ತು ಬೆರಳೂ ಅದರ ಮೇಲೆ ನಡೆದವು. ಎಡಗಡೆಯವಳ ಮುಖ, ಕೈ, ಹರಿವಾಣ. ನನ್ನ ಹದಿನಾಲ್ಕು ಸಾಲಿಗೆ ಬಂದು ನಿಂತವು.

"ಇದೆಂತ? ಇವಳೂ ಹರಿವಾಣ ಹಿಡಿದಿದ್ದಾಳಾ?"

"ಕಂಪ್ಯೂಟರಿನ ಕನ್ನಡಿ ಅಮ್ಮ. ಹಾಗೆ ಬಂತು."

"ಇಬ್ಬರೂ ಹರಿವಾಣ ಹಿಡ್ಕೊಂಡು ನಿಂತ್ರೆ ತಗೊಳ್ಳುವವರು ಯಾರು ಮಾರಾಯ್ತಿ? ಹೋಟೆಲಿನ ಸಪ್ಲಾಯರ್‌ಗಳ ಹಾಗೆ!" ಅವರು ನಕ್ಕಾಗ ತಂಗಿಯೂ ಅಳುತ್ತಲೇ ನಕ್ಕರು. "ಈಚೆಯವಳು ತಾಯಿ, ಕೊಡುವವಳು. ಆಚೆಯವಳು ಮಗಳು. ಸೆರಗು ಒಡ್ಡಿದ್ದಾಳೆ."

ಹೇಳಿದ್ದು ಸಾಲದೆಂದು ಎದ್ದು ನಿಂತರು. ತಮ್ಮ ಬಿಳಿ ಸೀರೆಯ ಸೆರಗನ್ನು ಮುಂದೆ ತಂದು, ಎರಡೂ ಕೈಯಲ್ಲಿ ತುದಿ ಹಿಡಿದು ಚಾಚಿದರು. ತಲೆ ಸ್ವಲ್ಪ ಬಾಗಿಸಿದರು. ಬಟ್ಟೆ ನಡುವೆ ಜೋತು, ದೋಣಿಯ ತಳದ ಹಾಗೆ ಬಾಗಿತು. ನನ್ನ ಕೈಯಲ್ಲಿದ್ದ ಚಿಂದಿಯ ಬಾಗು ಅದೇ.

"ನನ್ನ ಮದುವೆಯ ದಿನ ನಾನು ಹೀಗೇ ತಗೊಂಡದ್ದು," ಎಂದರು. "ಅಮ್ಮ ಹೆಣೆಯುವಾಗ ನಾನು ನಿಂತು ತೋರಿಸ್ಬೇಕಿತ್ತು. ಅಲ್ಲಾಡಿದ್ರೆ ಬೈತಿದ್ದರು."

ಅವರು ಅಷ್ಟು ಹೊತ್ತು ನನಗಾಗಿಯೂ ಅಲ್ಲಾಡದೆ ನಿಂತರು. ನಾನು ಸುತ್ತಲೂ ನಡೆದು ನೋಡಿದೆ. ಕಾಗದ ಪೆನ್ಸಿಲ್ ತಂದಿರಲಿಲ್ಲ.

ಮನೆಗೆ ಬಂದು ಹದಿನಾಲ್ಕು ಸಾಲು ಬಿಚ್ಚಿದೆ. ಬಳ್ಳಿಯ ಅಂಚನ್ನು ಮಾತ್ರ ಕನ್ನಡಿಯದ್ದೇ ಇರಲಿ ಎಂದು ಟಿವಿಯಲ್ಲಿ ಬಿಟ್ಟು, ಒಳಗಿನ ಹೆಂಗಸನ್ನು ಹಸಿರು ಬೊಟ್ಟಿನಿಂದ ಅಳಿಸಿದೆ. ಇನ್ನು ಇದ್ದದ್ದು ಖಾಲಿ ಮನೆಗಳು, ಒಂದು ಪಾದ, ಒಂದು ಚಿಂದಿ. ಅಲ್ಲಿಯ ತನಕ ನಾನು ಬೇರೆಯವರು ಬಿಡಿಸಿದ್ದನ್ನು ಹೆಣೆದವಳು. ಸ್ವಂತ ಒಂದು ಎಲೆ ಕೂಡ ಬಿಡಿಸಿರಲಿಲ್ಲ. ಶಾಲೆಯಲ್ಲಿ ನಾನು ಬರೆದ ದನವನ್ನು ಮಾಸ್ಟ್ರು ಬೆಂಚು ಎಂದಿದ್ದರು.

ಮೊದಲು ಚಿಂದಿಯನ್ನು ಕೂರಿಸಿದೆ. ಅದರಲ್ಲಿ ಮನೆ ಎಣಿಸಬಹುದಿತ್ತು, ಅದೊಂದೇ ಗಟ್ಟಿ ನೆಲ. ಅಲ್ಲಿಂದ ಸೆರಗನ್ನು ಎರಡು ಕಡೆಗೂ ಏರಿಸಿ, ತುದಿಯಲ್ಲಿ ಎರಡು ಮುಷ್ಟಿ. ಮುಖ ನಾಲ್ಕು ದಿನ ಬರಲಿಲ್ಲ. ಗಲ್ಲ ಮುಂದೆ ಬಂದರೆ ಜಗಳ ಮಾಡುವವಳ ಹಾಗೆ, ಹಿಂದೆ ಹೋದರೆ ನಿದ್ದೆ ತೂಗುವವಳ ಹಾಗೆ. ಎರಡು ಮನೆ ಕೆಳಗೆ ಇಳಿಸಿದೆ, ಒಂದು ಮನೆ ಅಳಿಸಿದೆ, ದೂರ ಹೋಗಿ ಅಡಿಗೆಮನೆಯ ಬಾಗಿಲಿನಿಂದ ನೋಡಿದೆ. ಕಾಗದವಾಗಿದ್ದರೆ ಎರಡನೆಯ ದಿನವೇ ಹರಿದು ಕೈಚೆಲ್ಲುತ್ತಿದ್ದೆ. ಆ ಯಂತ್ರ ಎಷ್ಟು ಸಲ ತಪ್ಪಿದರೂ ಬೇಸರಪಡಲಿಲ್ಲ. ನಿಮ್ಮ ಅಜ್ಜನದ್ದೂ ಅದೇ ಗುಣ.

ಐದನೆಯ ದಿನ ಹಣೆಯಿಂದ ಮೂಗಿಗೆ ಇಳಿಯುವಲ್ಲಿ ಒಂದೇ ಒಂದು ಮನೆ ಖಾಲಿ ಮಾಡಿದೆ. ಬಾಗಿಲ ಬಳಿ ಚಹಾ ಕುಡಿಯುತ್ತಿದ್ದ ಪೊರ್ಬು ಗ್ಲಾಸು ಕೆಳಗಿಟ್ಟರು.

"ಅಕ್ಕ, ಇನ್ನು ಮುಟ್ಟಬೇಡಿ. ಅವಳು ನೋಡ್ತಿದ್ದಾಳೆ."

ಎರಡೂ ಕ್ಯಾಸೆಟ್ಟಿಗೆ ಉಳಿಸಿದೆ. ಆ ಕಂಪ್ಯೂಟರ್ ಮತ್ತೆ ಅಟ್ಟಕ್ಕೆ ಹೋಗಲಿಲ್ಲ. ಐವತ್ತೆಂಟು ಸಾಲು ಹೆಣೆಯಲಿಕ್ಕೆ ಮೂರು ವಾರ ಹಿಡಿಯಿತು. ಮದುವೆಗೆ ನಾಲ್ಕು ದಿನ ಇರುವಾಗ ತೊಳೆದು, ಗಂಜಿಯ ತಿಳಿಯಲ್ಲಿ ಅದ್ದಿ, ಹಲಗೆಯ ಮೇಲೆ ಪಿನ್ನು ಹೊಡೆದು ಚೌಕವಾಗಿ ಒಣಗಿಸಿ ಕುಲಶೇಖರಕ್ಕೆ ಕೊಂಡುಹೋದೆ.

ದೊಡ್ಡಮ್ಮನ ಬೆರಳುಗಳು ನಡೆದು ಬಂದು ಅರವತ್ತೆರಡನೆಯ ಸಾಲಿನ ಆಚೆ ನಿಂತವು. "ಇಲ್ಲಿಂದ ನೀನು."

"ಹೌದಮ್ಮ."

"ಅಮ್ಮ ಇಷ್ಟು ಬಿಗಿ ಹೆಣೆಯುತ್ತಿರಲಿಲ್ಲ. ನಿನಗೆ ಹೆದರಿಕೆ ಇತ್ತು." ಬೆರಳುಗಳು ಮುಂದೆ ಹೋದವು. ಸೆರಗಿನ ಮೇಲೆ ನಿಧಾನವಾಗಿ, ಮುಖದ ಮೇಲೆ ಇನ್ನೂ ನಿಧಾನವಾಗಿ. "ಇಲ್ಲಿಗೆ ಬರುವಾಗ ಹೆದರಿಕೆ ಹೋಗಿದೆ." ಮೂಗಿನ ಮೇಲೆ ಬೆರಳಿಟ್ಟು ಹೇಳಿದರು, "ಮೂಗು ಅಮ್ಮ ಹೆಣೆದದ್ದಕ್ಕಿಂತ ಚಂದ ಉಂಟು. ನನ್ನ ಮೂಗು ಅದು, ನನಗೆ ಗೊತ್ತಿಲ್ವಾ?"

ಮದುವೆಗೆ ನನ್ನನ್ನೂ ಕರೆದಿದ್ದರು. ಮದುವೆ ಹಾಲ್‌ನ ಹಿಂದೆ ಮದುಮಗಳನ್ನು ಸಿಂಗರಿಸುವ ಕೋಣೆ. ದೊಡ್ಡಮ್ಮ ಮದುಮಗಳ ಎದುರು ಕುರ್ಚಿಯಲ್ಲಿ, ತಂಗಿ ಅವರ ಪಕ್ಕ. ನಾನು ದೊಡ್ಡಮ್ಮನ ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಇಬ್ಬರು ಹುಡುಗಿಯರು ಮುಸುಕು ಹೊದಿಸಿದ ಹರಿವಾಣ ತಂದು ನಡುವಿನ ಸ್ಟೂಲಿನ ಮೇಲೆ ಇಟ್ಟರು. ಇಟ್ಟದ್ದು ತಿರುಗಿ. ಹರಿವಾಣ ಹಿಡಿದ ತಾಯಿ ಮದುಮಗಳ ಕಡೆಗಿದ್ದಳು, ಸೆರಗು ಒಡ್ಡಿದ ಮಗಳು ದೊಡ್ಡಮ್ಮನ ಕಡೆಗಿದ್ದಳು.

ಬಗ್ಗಿ ದೊಡ್ಡಮ್ಮನ ಕಿವಿಯಲ್ಲಿ ಹೇಳಿದೆ.

"ಹಾಗಾದ್ರೆ ಹೋಗಿ ಸರಿ ಮಾಡು."

"ನಾನಾ? ಮದುಮಗಳ ಹರಿವಾಣ ಅಮ್ಮ. ನಾನು ಗಂಡ ಇಲ್ಲದವಳು."

"ನನಗೆ ಉಂಟಾ?" ಅವರು ಸ್ವರ ತಗ್ಗಿಸಲಿಲ್ಲ. ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

ಹೋದೆ. ಅಷ್ಟು ಜನ ನೋಡುವಾಗ ಐದು ಹೆಜ್ಜೆ. ಹರಿವಾಣವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ. ಮದುಮಗಳು ಮುಸುಕನ್ನೇ ನೋಡುತ್ತಿದ್ದಳು.

"ಇವಳು ಸೆರಗಿನಲ್ಲಿ ತಗೊಳ್ತಿದ್ದಾಳಲ್ಲ," ಎಂದಳು. "ನಾನೂ ಹಾಗೇ ತಗೊಳ್ಬೇಕಾ?"

"ಬೇಕು ಅಂತ ಇಲ್ಲ," ಎಂದೆ. "ಹಿಂದೆ ಹಾಗೆ ಇತ್ತು."

ಅವಳು ಸೆರಗಿಗೆ ಕೈಹಾಕಿದಳು. ಬರಲಿಲ್ಲ. ಹೆಗಲಿಗೆ ಮಡಿಕೆ ಮಡಿಕೆಯಾಗಿ ಜೋಡಿಸಿ ಪಿನ್ನು ಹಾಕಿ ಬಿಗಿದಿದ್ದರು. ಸಿಂಗರಿಸಿದ ಹೆಂಗಸು, "ಮುಟ್ಟಬೇಡಿ, ಒಂದು ಗಂಟೆಯ ಕೆಲಸ ಅದು," ಎಂದು ಓಡಿ ಬಂದಳು. ಮದುಮಗಳು ನನ್ನ ಕಡೆ ನೋಡಿ, "ಅಜ್ಜಿ, ತೆಗೀರಿ," ಎಂದಳು.

ಜರಿಯ ಎಳೆ ಹರಿಯದ ಹಾಗೆ ಪಿನ್ನು ತೆಗೆಯುವುದು ನನಗೆ ಬರುತ್ತದೆ. ಐದು ಇದ್ದವು. ಕೊನೆಯದು ಬಂದಾಗ ಸೆರಗು ಜಾರಿ ಅವಳ ಕೈಗೆ ಬಂತು. ಅವಳು ಎರಡು ತುದಿ ಹಿಡಿದು ಚಾಚಿದಳು. ಬಲ್ಮಠದ ಅಮ್ಮ ಮುಸುಕು ಸರಿಸಿದರು. ದೊಡ್ಡಮ್ಮ ಬಲಗೈಯಲ್ಲಿ ಕಟ್ಟಿದ ಮಲ್ಲಿಗೆಯ ಚೆಂಡನ್ನು ಎತ್ತಿ, ಗಾಳಿಯಲ್ಲಿ ಸ್ವಲ್ಪ ಹುಡುಕಿ, ಸೆರಗಿನೊಳಗೆ ಇಟ್ಟರು. ಅದರ ಭಾರಕ್ಕೆ ಬಟ್ಟೆ ನಡುವೆ ಬಾಗಿತು.

ಪಿನ್ನುಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ನನ್ನ ಸೆರಗಿನ ತುದಿಗೆ ಸಿಕ್ಕಿಸಿಕೊಂಡೆ. ಬಸ್ಸಿನಲ್ಲಿ ಬೋಳಾರಕ್ಕೆ ಬಂದು ಇಳಿಯುವಾಗಲೂ ಅವು ಅಲ್ಲೇ ಇದ್ದವು.